ಬಾಗಿಲ ತೆರಿಗೆ

ನಾನೊಂದು ಬಾಗಿಲು. ಮೆರಾಂಟಿ ಎಂಬ ಕೆಂಪು ಮರದ ಮೈ ನನ್ನದು. ಮಲೇಷಿಯಾದ ಪೆನಾಂಗ್ ದ್ವೀಪದ ಎದುರು ದಡದಲ್ಲಿದ್ದ ಒಂದು ಕಾರ್ಖಾನೆಯಲ್ಲಿ ಒಂದೇ ತಿಂಗಳಲ್ಲಿ ನಾವು ನೂರು ಜನ ಅಣ್ಣತಮ್ಮಂದಿರು ಹುಟ್ಟಿದೆವು. ನನ್ನನ್ನು ಉಜ್ಜಿ ನುಣುಪು ಮಾಡಿದ ಬಡಗಿಗೆ ಮರದ ಪುಡಿ ಆಗುತ್ತಿರಲಿಲ್ಲ. ಕೆಲಸ ಮಾಡುತ್ತಲೇ ಸೀನುತ್ತಿದ್ದ. ಒಂದು ಸೀನಿಗೆ ಉಳಿ ಜಾರಿ ನನ್ನ ಕೆಳತುದಿಯಲ್ಲಿ ಕಚ್ಚು ಬಿತ್ತು. ಮೇಸ್ತ್ರಿ ನೋಡಲಿಲ್ಲ, ಬಡಗಿ ಹೇಳಲಿಲ್ಲ. ಹಾಗೆ ನಾನು ಪಾಸಾದೆ.

ದೋಣಿಯಲ್ಲಿ ಸಮುದ್ರ ದಾಟಿ ದ್ವೀಪದ ಹದಿನಾರು ಮಹಡಿಯ ಒಂದು ಹೊಸ ಕಟ್ಟಡಕ್ಕೆ ಬಂದೆವು. ಕಟ್ಟಡಕ್ಕೆ ಅಲ್ಲಿನ ಭಾಷೆಯಲ್ಲಿ ಸಂಪಿಗೆಯ ಹೆಸರು ಇಟ್ಟಿದ್ದರು, ಸುತ್ತ ಎಲ್ಲೂ ಸಂಪಿಗೆ ಮರ ಇರಲಿಲ್ಲ. ನನ್ನನ್ನು ಹನ್ನೊಂದನೇ ಮಹಡಿಯ ನಾಲ್ಕನೇ ಮನೆಗೆ ಕೂಡಿಸಿದರು. ಅಲ್ಲಿಯ ಚೀನೀ ಜನಕ್ಕೆ ನಾಲ್ಕು ಎಂದರೆ ಸಾವು ಎಂದ ಹಾಗೆ ಕೇಳಿಸುತ್ತದಂತೆ, ಆದ್ದರಿಂದ ಹಣೆಯ ಮೇಲೆ ನಾಲ್ಕು ಬರೆಯದೆ ‘3ಎ’ ಎಂದು ಬರೆದರು.

ಮೊದಲು ನನ್ನನ್ನು ತೆರೆದವರು ಚಪ್ಪಲಿ ಅಂಗಡಿಯ ಖೂ ದಂಪತಿ. ಒಂಬತ್ತು ವರ್ಷ ಇದ್ದರು. ಹೊಸ ವರ್ಷಕ್ಕೆ ನನಗೆ ಕೆಂಪು ಕಾಗದ ಅಂಟಿಸುತ್ತಿದ್ದರು, ಜಗಳವಾದಾಗ ನನ್ನನ್ನೇ ಬಡಿಯುತ್ತಿದ್ದರು. ಆಮೇಲೆ ಎರಡು ವರ್ಷ ಬಾಡಿಗೆಗಿದ್ದ ಜಪಾನಿನ ಎಂಜಿನಿಯರ್, ಮಲಗಿದ ಮಗುವಿಗೆ ಹೊದಿಕೆ ಹೊದಿಸುವವನ ಹಾಗೆ ಸದ್ದಿಲ್ಲದೆ ನನ್ನನ್ನು ಮುಚ್ಚುತ್ತಿದ್ದ. ಮೂರನೆಯವರು ನೀಲಾಂಬಿಕಾ ಹಂಚಿನಮನಿ. ನನ್ನ ಕಥೆ ಎಂದರೆ ನಿಜವಾಗಿ ಅವರ ಕಥೆ.

ನೀಲಾಂಬಿಕಾ ಧಾರವಾಡದವರು. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನರ್ಸಾಗಿ ಪೆನಾಂಗಿಗೆ ಬಂದು, ಒಂದೇ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದರು. ಮದುವೆಯಾಗಲಿಲ್ಲ, ಭಾರತದ ಪಾಸ್‌ಪೋರ್ಟನ್ನೂ ಬಿಡಲಿಲ್ಲ. ನಿವೃತ್ತಿಯಾದಾಗ ಎಲ್ಲರೂ ಊರಿಗೆ ಯಾವಾಗ ಹೋಗುತ್ತೀರಿ ಎಂದು ಕೇಳಿದರೆ, ಅವರು ಮನೆ ಹುಡುಕಲು ಹೊರಟರು. ವಿದೇಶಿಯರು ಅಲ್ಲಿ ಅಗ್ಗದ ಮನೆ ಕೊಳ್ಳುವಂತಿಲ್ಲ, ಸರ್ಕಾರ ಗೊತ್ತುಮಾಡಿದ ಬೆಲೆಗಿಂತ ಮೇಲಿನದೇ ಆಗಬೇಕು. ಮೇಲಾಗಿ ಅಪ್ಪಣೆ ಪತ್ರ, ಅದಕ್ಕೊಂದು ಶುಲ್ಕ, ವಕೀಲರು. ನನ್ನನ್ನು ನೋಡಲು ಬಂದ ದಿನ ಅವರು ಕರೆಗಂಟೆ ಒತ್ತಲಿಲ್ಲ. ರೋಗಿಯ ಎದೆ ತಟ್ಟಿ ನೋಡುವವರ ಹಾಗೆ ಬೆರಳ ಗಿಣ್ಣಿನಿಂದ ನನ್ನನ್ನು ಮೂರು ಕಡೆ ತಟ್ಟಿ, ಕಿವಿಗೊಟ್ಟು, ತಲೆಯಾಡಿಸಿದರು. ಅವತ್ತೇ ನಾನು ಅವರವನಾದೆ.

ಮನೆಗೆ ಬಂದ ಆರನೇ ವಾರ ನನ್ನ ಕೆಳಗಿನ ಕಚ್ಚಿನಿಂದ ಒಂದು ಲಕೋಟೆ ಒಳಗೆ ತೂರಿತು. ನೀಲಾಂಬಿಕಾ ಒಡೆದು ಓದಿ, ನಿಂತಲ್ಲೇ ನಗತೊಡಗಿದರು. ನಗರಸಭೆಗೆ ವರ್ಷಕ್ಕೆ ಎರಡು ಸಲ ಕಟ್ಟುವ ಮನೆ ಕಂದಾಯಕ್ಕೆ ಆ ನಾಡಿನ ಜನ ಇಟ್ಟ ಹೆಸರು ‘ಬಾಗಿಲ ತೆರಿಗೆ’. ಮೂವತ್ತು ವರ್ಷ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದ ಅವರಿಗೆ ಈ ಮಾತೇ ಹೊಸದು. ಧಾರವಾಡದಲ್ಲಿದ್ದ ತಮ್ಮ ಗುರುಬಸಪ್ಪನಿಗೆ ಆಗಲೇ ಫೋನು ಹಚ್ಚಿದರು. ಗುರುಬಸಪ್ಪ ಕಂದಾಯ ವಸೂಲಿಯಲ್ಲೇ ತಲೆ ಹಣ್ಣು ಮಾಡಿಕೊಂಡ ಗುಮಾಸ್ತ.

“ಗುರೂ, ಇಲ್ಲೆ ಬಾಗಲಕ್ಕ ಪಟ್ಟಿ ಹಾಕ್ತಾರ ನೋಡಪಾ.”

“ನಾನು ಇಷ್ಟು ವರ್ಷ ಮನಿಪಟ್ಟಿ ವಸೂಲಿ ಮಾಡೀನಿ, ಬಾಗಲಪಟ್ಟಿ ಕೇಳಿದ್ದಿಲ್ಲ ಅಕ್ಕಾ. ಕಿಡಕಿಗೆ ಏನಾರ ಐತೇನು?”

ನಾನಂತೂ ಅದನ್ನು ನಂಬಿಯೇಬಿಟ್ಟೆ. ನನ್ನ ಹೆಸರಿನಲ್ಲಿ ಸರ್ಕಾರ ತೆರಿಗೆ ಎತ್ತುತ್ತದೆ ಎಂದ ಮೇಲೆ ನಾನು ಸಾಮಾನ್ಯನೇ? ಎರಡು ವರ್ಷ ಸೆಟೆದುಕೊಂಡೇ ಇದ್ದೆ. ಎಲ್ಲ ಮನೆಗೂ ಅದೇ ಲಕೋಟೆ ಹೋಗುತ್ತದೆ ಎಂದು ತಿಳಿದ ಮೇಲೆ ಸಡಿಲಾದೆ.

ಅದರ ಹಿಂದೆ ಬೇರೆ ಲಕೋಟೆಗಳು ಬಂದವು. ವರ್ಷಕ್ಕೊಮ್ಮೆ ನೆಲದ ತೆರಿಗೆ. ಹನ್ನೊಂದನೇ ಮಹಡಿಯಲ್ಲಿ ಎಲ್ಲಿಯ ನೆಲ ಎಂದು ನೀಲಾಂಬಿಕಾ ಕಚೇರಿಗೆ ಹೋಗಿ ಕೇಳಿದರಂತೆ. ಕಟ್ಟಡ ನಿಂತ ನೆಲ ಎಲ್ಲರಿಗೂ ಹಂಚಿಹೋಗಿದೆ, ಅದರಲ್ಲಿ ನಿಮ್ಮದೂ ಒಂದು ಪಾಲು ಎಂದರು. ಪಾಲು ಎಷ್ಟು ಎಂದು ಲೆಕ್ಕ ಹಾಕಿದರೆ ನಾಲ್ಕು ಮಂಚ ಹಾಕುವಷ್ಟು. ಅವತ್ತು ಮನೆಗೆ ಬಂದವರೇ, ಎದುರು ಮನೆಯ ಊಯ್ ಅವರಿಗೆ, ನನಗೂ ಜಮೀನು ಆಯಿತು ಎಂದು ಹೇಳಿ ನಕ್ಕರು. ತಿಂಗಳಿಗೊಮ್ಮೆ ಲಿಫ್ಟು, ಕಾವಲು, ನೀರಿನ ಪಂಪು, ಮನೆಗಳ ನಡುವಿನ ಓಣಿಯ ದೀಪ, ಕಸ ಇವಕ್ಕೆಲ್ಲ ಸೇರಿ ನಿರ್ವಹಣೆಯ ಹಣ. ಅದರ ಮೇಲೆ ಹತ್ತಕ್ಕೊಂದರಂತೆ, ಮುಂದೆ ದೊಡ್ಡ ರಿಪೇರಿ ಬಂದರೆ ಇರಲಿ ಎಂದು ಕೂಡಿಡುವ ‘ಸಿಂಕಿಂಗ್ ಫಂಡ್’. ಆ ಹೆಸರು ಕೇಳಿ ಗುರುಬಸಪ್ಪ, ಮುಳುಗೂ ಫಂಡ್ ಅಂತ ಬಾಯಿಬಿಟ್ಟು ಹೇಳಿ ರೊಕ್ಕ ಇಸಗೊಳ್ಳೋ ಪ್ರಾಮಾಣಿಕರನ್ನ ಇದೇ ಮೊದಲ ನೋಡಿದ್ದು ಎಂದ.

ಒಂದು ಬೇಸಗೆಯಲ್ಲಿ ಅವನೇ ಬಂದ. ಹದಿನೈದು ದಿನ ಅಕ್ಕನ ರಸೀದಿಗಳನ್ನೆಲ್ಲ ಓದಿ, ಹೊರಡುವ ದಿನ ನನ್ನ ಹೊಸ್ತಿಲಲ್ಲಿ ಚೀಲ ಇಟ್ಟು ನಿಂತ.

“ಸ್ವಂತ ಮನಿ ಅಂತೀದಿ, ತಿಂಗಳಾ ತಿಂಗಳಾ ರೊಕ್ಕಾ ಕಟ್ಟತೀದಿ. ಇದಕ್ಕ ನಮ್ಮ ಕಡೆ ಬಾಡಿಗಿ ಮನಿ ಅಂತಾರ. ಮಾರಿ ಬಾ ಅಕ್ಕಾ.”

“ನೀನೂ ತಿಂಗಳಾ ತಿಂಗಳಾ ಬಿಪಿ ಗುಳಿಗಿ ತಗೋತೀದಿ. ಹಂಗಂತ ಮೈ ನಿಂದಲ್ಲೇನು?”

ಗುರುಬಸಪ್ಪ ಗುಳಿಗೆ ಇದೆಯೇ ಎಂದು ಜೇಬು ಮುಟ್ಟಿ ನೋಡಿಕೊಂಡು ಲಿಫ್ಟು ಹತ್ತಿದ.

ಮಾರುವುದೂ ಸುಲಭವಿರಲಿಲ್ಲ. ಮಾರಿದ ಲಾಭದ ಮೇಲೆ ವಿದೇಶಿಯರು ಅಲ್ಲಿಯವರಿಗಿಂತ ಹೆಚ್ಚು ತೆರಿಗೆ ಕೊಡಬೇಕು. ಆದರೆ ನೀಲಾಂಬಿಕಾ ಉಳಿದದ್ದು ಅದಕ್ಕಲ್ಲ. ದಿನಾ ಸಂಜೆ ಐದಕ್ಕೆ ನಾನೂ ಎದುರಿನ ಬಾಗಿಲೂ ತೆರೆದುಕೊಳ್ಳುತ್ತಿದ್ದೆವು. ಈ ಹೊಸ್ತಿಲಲ್ಲಿ ಸ್ಟೂಲು ಹಾಕಿ ನೀಲಾಂಬಿಕಾ, ಆ ಹೊಸ್ತಿಲಲ್ಲಿ ಬೆತ್ತದ ಕುರ್ಚಿ ಹಾಕಿ ಊಯ್. ಊಯ್ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಎಂಬತ್ತೆರಡರ ಮುದುಕ, ಹೆಂಡತಿ ತೀರಿ ಬಹಳ ವರ್ಷವಾಗಿತ್ತು. ನಡುವೆ ಓಣಿ, ಇಬ್ಬರ ಕೈಯಲ್ಲೂ ಚಹಾ. ಊರಿನ ಅರ್ಧ ಬೋರ್ಡುಗಳ ಕಾಗುಣಿತ ತಪ್ಪು ಎಂದು ಅವರು ಹೇಳುತ್ತಿದ್ದರು, ಊರಿನ ಅರ್ಧ ಜನರ ಬಿಪಿ ನನಗೆ ಗೊತ್ತು ಎಂದು ಇವರು.

ನೀಲಾಂಬಿಕಾ ಬಂದ ಹದಿನೈದನೇ ವರ್ಷ, ಮಾರ್ಚಿನಲ್ಲಿ, ಲಿಫ್ಟು ಸತ್ತಿತು. ಇದ್ದ ಎರಡರಲ್ಲಿ ಒಂದು ಹಿಂದಿನ ವರ್ಷವೇ ಹೋಗಿತ್ತು, ಈಗ ಇನ್ನೊಂದೂ. ಹೊಸ ಯಂತ್ರಕ್ಕೆ ಕೂಡಿಟ್ಟ ಹಣ ಸಾಲದು. ಅರ್ಧಕ್ಕರ್ಧ ಮನೆಯವರು ತಿಂಗಳ ಹಣವನ್ನೇ ಕಟ್ಟಿರಲಿಲ್ಲ.

ಆಗ ನೀಲಾಂಬಿಕಾಗೆ ಅರವತ್ತೊಂಬತ್ತು. ತರಕಾರಿ ಚೀಲ ಹಿಡಿದು ನಾಲ್ಕು ಕಡೆ ಕುಳಿತು ಎದ್ದು ಮೇಲೆ ಬರುತ್ತಿದ್ದರು. ಅವರ ಉಸಿರು ಒಂಬತ್ತನೇ ಮಹಡಿಯಲ್ಲಿದ್ದಾಗಲೇ ನನಗೆ ಕೇಳಿಸುತ್ತಿತ್ತು. ಊಯ್ ಅವರಿಗೆ ಅದೂ ಆಗದು. ಮೂರು ವಾರವಾಯಿತು, ನಾಲ್ಕು ವಾರವಾಯಿತು, ಅವರು ನೆಲ ಮುಟ್ಟಲಿಲ್ಲ. ದೂರದ ಜೊಹೋರಿನಲ್ಲಿದ್ದ ಮಗಳು ಬಂದುಬಿಡಿ ಎಂದು ಪಟ್ಟು ಹಿಡಿದಳು. ಒಂದು ಸಂಜೆ ಎದುರಿನ ಬಾಗಿಲು ತೆರೆದಾಗ ಚಹಾ ಇರಲಿಲ್ಲ. ಊಯ್ ತಮ್ಮ ಕುಂಚಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಟ್ಟುತ್ತಿದ್ದರು. ನೀಲಾಂಬಿಕಾ ಒಳಗೆ ಬಂದು, ನನ್ನನ್ನು ಮುಚ್ಚಿ, ನನಗೇ ಬೆನ್ನು ಕೊಟ್ಟು ನಿಂತರು.

ಮಾಲೀಕರ ಸಭೆ ಗೊತ್ತಾಯಿತು. ತಿಂಗಳ ಹಣ ಏರಿಸಬೇಕು, ಲಿಫ್ಟಿಗೆಂದು ಪ್ರತಿ ಮನೆಯೂ ಒಂದು ಸಲ ಬೇರೆ ಕೊಡಬೇಕು ಎಂಬುದು ಪ್ರಸ್ತಾಪ. ಅದಕ್ಕೆ ವಿರೋಧ ಕಟ್ಟಿದವನು ಎರಡನೇ ಮಹಡಿಯ ಲಿಮ್, ಕಾರು ರಿಪೇರಿ ಗ್ಯಾರೇಜಿನವನು. ಬಾಕಿ ಉಳಿಸಿಕೊಂಡವನಲ್ಲ, ಲೆಕ್ಕದ ಮನುಷ್ಯ. ಮೆಟ್ಟಿಲಲ್ಲೇ ಓಡಾಡುವವನು ಲಿಫ್ಟಿಗೆ ಯಾಕೆ ಕೊಡಬೇಕು ಎಂಬುದು ಅವನ ವಾದ. ಕೆಳಗಿನ ಮಹಡಿಗಳವರೆಲ್ಲ ಅವನ ಹಿಂದೆ.

ಸಭೆ ಇದ್ದದ್ದು ಕೆಳಗಿನ ಹಾಲಿನಲ್ಲಿ. ಬರಲಾಗದವರು ಬೇರೆಯವರ ಕೈಯಲ್ಲಿ ಮತ ಕೊಟ್ಟು ಕಳಿಸಬಹುದಿತ್ತು. ನೀಲಾಂಬಿಕಾ ಆ ಕಾಗದ ತಂದರೆ ಊಯ್ ಮುಟ್ಟಲಿಲ್ಲ.

“ನಾನಿನ್ನೂ ಸತ್ತಿಲ್ಲ. ನನ್ನ ಕೈ ನಾನೇ ಎತ್ತುತ್ತೇನೆ.”

ನೀಲಾಂಬಿಕಾ ಆ ಕಾಗದ ಮಡಚಿಕೊಂಡು ಹನ್ನೊಂದು ಮಹಡಿ ಇಳಿದು ಮ್ಯಾನೇಜರ್ ಫರೀದಾ ಮುಂದೆ ಕುಳಿತರು. ಸಭೆ ಮೇಲೆ ಬರಲಿ ಎಂದರು. ಫರೀದಾ ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ, ಎಷ್ಟು ಜನ ಸೇರಬೇಕು ಎಂದಿದೆ, ಎಲ್ಲಿ ಸೇರಬೇಕು ಎಂದಿಲ್ಲ ಎಂದು ಕಂಡುಕೊಂಡಳು. ಅಧ್ಯಕ್ಷರು ಹದಿನೈದನೇ ಮಹಡಿಯವರು, ಕೇಳಿದ ಕೂಡಲೇ ಒಪ್ಪಿದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಹನ್ನೊಂದನೇ ಮಹಡಿಯ ಓಣಿಯಲ್ಲಿ, ಎಂದು ನೋಟೀಸು ಬಿತ್ತು.

ಆ ಭಾನುವಾರವನ್ನು ನಾನು ಹೇಗೆ ಮರೆಯಲಿ! ಮೊದಲು ಚಪ್ಪಲಿ ಎಳೆಯುವ ಸದ್ದು. ಆಮೇಲೆ ಕೆಮ್ಮು, ಗೋಡೆ ಹಿಡಿಯುವ ಸದ್ದು, ಯಾರೋ ಏಳನೇ ಮಹಡಿಯಲ್ಲಿ ಕುಳಿತೇಬಿಟ್ಟು ನೀವು ಮುಂದೆ ಹೋಗಿ ಎನ್ನುವುದು. ಹತ್ತೂವರೆಗೆ ನಲವತ್ತು ಜನ ನನ್ನ ಮುಂದೆ ಬೆವರುತ್ತಿದ್ದರು. ಲಿಮ್ ಬಂದಾಗ ಅವನ ಮುಖ ಬಸಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಮಾತು ಹೊರಡುತ್ತಿರಲಿಲ್ಲ. ನೀಲಾಂಬಿಕಾ ಸ್ಟೂಲು ಎಳೆದು ಕೂರಿಸಿ, ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿದರು. ಆಮೇಲೆ ಉಪ್ಪು, ಇಂಗು ಹಾಕಿದ ಮಜ್ಜಿಗೆ ಒಂದು ಲೋಟ ಕೊಟ್ಟರು. ಅದೇನೆಂದು ಕೇಳದೆ ಅವನು ಕುಡಿದ.

ಫರೀದಾ ಪಟ್ಟಿ ಓದಿದಳು. ಬಾಕಿ ಇದ್ದವರು ಕೂತು ಕೇಳಬಹುದು, ಮತ ಹಾಕುವಂತಿಲ್ಲ. ಹೀಗೆ ತೆಗೆದರೆ ಉಳಿದವರು ಇಪ್ಪತ್ತೊಂಬತ್ತು. ಅದರಲ್ಲಿ ನೀಲಾಂಬಿಕಾ ಹೆಸರು ಬಂದಾಗ ಹಿಂದಿನಿಂದ ಯಾರೋ, ಆಕೆ ವಿದೇಶಿ ಅಲ್ಲವೇ ಎಂದರು. ಫರೀದಾ ಪಟ್ಟಿಯಿಂದ ಕಣ್ಣೆತ್ತಲಿಲ್ಲ. ಈ ಪುಸ್ತಕ ಹಣ ಕಟ್ಟಿದ್ದಾರೆಯೇ ಎಂದಷ್ಟೇ ಕೇಳುತ್ತದೆ, ಪಾಸ್‌ಪೋರ್ಟು ಕೇಳುವುದಿಲ್ಲ ಎಂದಳು.

ದೇಶ ಬಿಟ್ಟ ನಲವತ್ತೈದು ವರ್ಷದಲ್ಲಿ ನೀಲಾಂಬಿಕಾ ಎಲ್ಲೂ ಮತ ಹಾಕಿರಲಿಲ್ಲ. ಊರಿನ ಪಟ್ಟಿಯಿಂದ ಹೆಸರು ಹೋಗಿತ್ತು, ಈ ನಾಡಿನ ಪಟ್ಟಿಯಲ್ಲಿ ಬರುವ ಹಾಗಿರಲಿಲ್ಲ. ಈಗ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎಂದು ತಿಳಿದು, ವಾರ್ಡಿನಲ್ಲಿ ಕಲಿತ ಮಲಯ ಭಾಷೆಯಲ್ಲಿ ಮಾತಾಡಿದರು.

“ನಾನು ಈ ದೇಶದವಳಲ್ಲ, ನಿಜ. ನಾಳೆ ಈ ಮನೆ ಮಾರಿದರೆ ನಿಮಗಿಂತ ಹೆಚ್ಚು ತೆರಿಗೆ ಕೊಡುವವಳು ನಾನು. ಅದಕ್ಕೆ ನನ್ನ ತಕರಾರಿಲ್ಲ. ಇವತ್ತು ನೀವೆಲ್ಲ ಒಂದು ಸಲ ಹತ್ತಿ ಬಂದಿದ್ದೀರಿ. ಈ ಹಿರಿಯರು ನಲವತ್ತೆರಡು ದಿನದಿಂದ ಇಳಿದಿಲ್ಲ. ಅಷ್ಟೇ ನಾನು ಹೇಳಬೇಕಾದದ್ದು.”

ಲಿಮ್‌ಗೆ ಉಸಿರು ಮರಳಿತ್ತು. ಎರಡನೇ ಮಹಡಿಯವನಿಗೆ ಲಿಫ್ಟು ಯಾಕೆ ಎಂದು ಮತ್ತೆ ಶುರುಮಾಡಿದ. ಊಯ್ ಬೆತ್ತದ ಕುರ್ಚಿಯಿಂದ ಮೆಲ್ಲಗೆ ಕೇಳಿದರು:

“ನಿನ್ನ ತಾಯಿಯನ್ನು ಆಸ್ಪತ್ರೆಗೆ ಒಯ್ದ ದಿನ ಸ್ಟ್ರೆಚರ್ ಮೆಟ್ಟಿಲಲ್ಲಿ ಇಳಿಯಿತೇ, ಲಿಫ್ಟಿನಲ್ಲಿ ಇಳಿಯಿತೇ?”

ಫರೀದಾ ಮತಕ್ಕೆ ಕರೆದಳು. ಕೈಗಳು ಎದ್ದವು. ಪರ ಹದಿನೆಂಟು, ವಿರೋಧ ಹತ್ತು. ಒಂದು ಕೈ ಯಾವ ಕಡೆಗೂ ಏಳಲಿಲ್ಲ, ಅದರಲ್ಲಿ ಮಜ್ಜಿಗೆಯ ಲೋಟ ಇತ್ತು.

ಎದ್ದು ಹೋಗುವಷ್ಟರಲ್ಲಿ ಫರೀದಾ ಇನ್ನೊಂದು ವಿಷಯ ಇದೆ ಎಂದಳು. ಬೆಂಕಿ ವಿಮೆಯವರು ತಕರಾರು ತೆಗೆದಿದ್ದಾರೆ, ಎಲ್ಲ ಮನೆಯ ಮುಂಬಾಗಿಲು ತೆಗೆದು ಬೆಂಕಿ ತಡೆಯುವ ಬಾಗಿಲು ಹಾಕಬೇಕು. ಜನ ದಣಿದಿದ್ದರು, ಯಾರೂ ಚರ್ಚೆ ಮಾಡಲಿಲ್ಲ. ನೀಲಾಂಬಿಕಾ ಆಗ ನನಗೆ ಒರಗಿ ನಿಂತಿದ್ದರು. ಅವರ ಭುಜ ನನ್ನ ಮೈಮೇಲೆ ಜಾರಿ ಮೇಲೇರಿದ್ದು ನನಗೆ ತಿಳಿಯಿತು. ನನ್ನನ್ನು ಕೀಳಲು ಅವರೂ ಕೈ ಎತ್ತಿದ್ದರು. ಕೋಪ ಬರಲಿಲ್ಲ ಎಂದರೆ ಸುಳ್ಳು. ಆದರೆ ನಾನು ಬೇಗ ಹತ್ತಿ ಉರಿಯುವ ಮರ, ಒಳಗೆ ಮಲಗುವವರು ಅವರು. ಆಮೇಲೆ ಸಮಾಧಾನವಾಯಿತು.

ಜುಲೈಯಲ್ಲಿ ಹೊಸ ಲಿಫ್ಟು ಬಂತು. ಊಯ್ ಒಬ್ಬರೇ ಕೆಳಗೆ ಹೋದರು, ಮೇಲೆ ಬಂದರು, ಏನೋ ಮರೆತವರ ಹಾಗೆ ಮತ್ತೆ ಹೋದರು. ಮೂರನೇ ಸಲ ಬಂದಾಗ ಕೈಯಲ್ಲಿ ರಂಬುಟಾನ್ ಹಣ್ಣಿನ ಗೊಂಚಲಿತ್ತು. ಕುಂಚಗಳ ಕಟ್ಟು ಬಿಚ್ಚಿದರು.

ನವೆಂಬರಿನಲ್ಲಿ ನನ್ನ ಸರದಿ. ನನ್ನ ಜಾಗಕ್ಕೆ ಬೂದು ಬಣ್ಣದ, ತಾನೇ ಮುಚ್ಚಿಕೊಳ್ಳುವ ದಪ್ಪ ಬಾಗಿಲು ಬಂತು. ಅಣ್ಣತಮ್ಮಂದಿರನ್ನೆಲ್ಲ ಕೆಳಗೆ ಲಾರಿಗೆ ಹೇರುತ್ತಿದ್ದರು. ಕೆಲಸದವರು ನನ್ನನ್ನೂ ಎತ್ತಿದಾಗ ನೀಲಾಂಬಿಕಾ ಅಡ್ಡ ಬಂದರು. ಅವಸರದಲ್ಲಿ ಕನ್ನಡವೇ ಬಂತು: “ತಡೀರಪಾ, ಇದನ್ನ ಎಲ್ಲೆ ಒಯ್ತೀರಿ? ಇಲ್ಲೇ ಇಡ್ರಿ.” ಕೆಲಸದವರಿಗೆ ಮಾತು ತಿಳಿಯಲಿಲ್ಲ, ಆದರೆ ನನ್ನನ್ನು ಕೆಳಗಿಟ್ಟರು.

ಊಯ್ ಬೀಗದ ತೂತಿಗೆ ಮರದ ಬಿಲ್ಲೆ ಕೂಡಿಸಿ, ನಾಲ್ಕು ಕಾಲು ಹಚ್ಚಿಸಿ, ಮೇಲೆ ಮೂರು ಸಲ ಎಣ್ಣೆ ಬಳಿದರು. ಈಗ ನಾನು ಬಾಲ್ಕನಿಯಲ್ಲಿ ಮೇಜು. ಇಷ್ಟು ವರ್ಷ ಜನರನ್ನು ಮುಖಾಮುಖಿ ನೋಡಿದವನು ಈಗ ಕೆಳಗಿನಿಂದ ನೋಡುತ್ತೇನೆ, ಗದ್ದ, ಮೂಗಿನ ಹೊಳ್ಳೆ, ಯೋಚಿಸುವಾಗ ಅಲುಗುವ ಕುತ್ತಿಗೆ. ಬೆಳಿಗ್ಗೆ ನೀಲಾಂಬಿಕಾ ನನ್ನ ಮೇಲೆ ಜೋಳದ ರೊಟ್ಟಿ ಬಡಿಯುತ್ತಾರೆ. ಬಾಗಿಲಾಗಿದ್ದಾಗ ತಿಂದ ಏಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು ತಾಳದ ಏಟು.

ಮೊನ್ನೆ ಒಂಬತ್ತನೇ ಮಹಡಿ ಕೊಂಡ ಕೊರಿಯಾದ ಹೆಂಗಸು ಬಂದಳು. ಕೈಯಲ್ಲಿ ಐದು ಲಕೋಟೆ, ಕಣ್ಣಲ್ಲಿ ಗಾಬರಿ. ಮನೆ ಕೊಂಡಾಯಿತು, ಇವೆಲ್ಲ ಯಾಕೆ ಬರುತ್ತಿವೆ ಎಂದಳು. ನೀಲಾಂಬಿಕಾ ಹಿಟ್ಟು ಒರೆಸಿ ಲಕೋಟೆಗಳನ್ನು ನನ್ನ ಮೇಲೆ ಸಾಲಾಗಿ ಹರಡಿದರು. ಇದು ನಗರಸಭೆಗೆ, ಇದು ನೆಲಕ್ಕೆ, ಇದು ವಿಮೆಗೆ, ಇವೆರಡು ನಮ್ಮ ಕಟ್ಟಡಕ್ಕೆ, ಇವನ್ನು ಮಾತ್ರ ತಪ್ಪಿಸಬೇಡ ಎಂದು ಒಂದೊಂದನ್ನೇ ಹೇಳಿಕೊಟ್ಟರು. ಊಯ್ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯ ತಟ್ಟೆಯನ್ನು ಅವಳ ಕಡೆ ಸರಿಸಿದರು. ಒಂದು ತುತ್ತು ತಿಂದ ಮೇಲೆ ಅವಳ ಹೆಗಲು ಸಡಿಲಾಯಿತು.

“ನಿಮಗೆ ಎಲ್ಲ ಗೊತ್ತಿದೆ. ನೀವು ಇಲ್ಲಿಯವರೇನು?” ಎಂದು ಕೇಳಿದಳು.

ನೀಲಾಂಬಿಕಾ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ ಹೇಳಿದರು:

“ಹೌದು. ಹನ್ನೊಂದನೇ ಮಹಡಿಯವಳು.”