ಐವತ್ತು ಕಿಲೊ ಬೀಜ

ಅತ್ತೆಯ ಮೆಕ್ಕೆಜೋಳವನ್ನು ಗೋದಾಮಿಗೆ ಹಾಕಿಸಿದ ಬುದ್ಧಿವಂತ ನಾನೇ. ಮ್ಚಿಂಜಿ ಪಟ್ಟಣದ ಗೋದಾಮಿನಲ್ಲಿ ತೂಕ ಹಾಕುವವನು ನಾನು. ಹನ್ನೊಂದು ವರ್ಷದಲ್ಲಿ ನನ್ನ ತಕ್ಕಡಿ ಯಾರಿಗೂ ಮೋಸ ಮಾಡಿಲ್ಲ. ಹೋದ ವರ್ಷ ಎನೆಲೆಸಿ ಅತ್ತೆಯ ಕಣಜಕ್ಕೆ ಹುಳು ಬಿದ್ದು, ಬೀಜಕ್ಕೆಂದು ಇಟ್ಟ ಜೋಳದಲ್ಲಿ ಮುಕ್ಕಾಲು ಪುಡಿಯಾಗಿತ್ತು; ಉಳಿದ ಕಾಲು ಪಾಲನ್ನೇ ಬಿತ್ತಿದ್ದಳು. ಅದಕ್ಕೇ ಈ ಸಲ ಕೊಯ್ಲು ಮುಗಿದ ಕೂಡಲೇ, "ಚೀಲ ನಮ್ಮಲ್ಲಿ ಇಡು ಅತ್ತೆ, ಒಂದು ಗ್ರಾಮೂ ಕಮ್ಮಿ ಆಗಲ್ಲ" ಎಂದಿದ್ದೆ. ಕಮ್ಮಿ ಆಗಲೂ ಇಲ್ಲ.

ಅವಳ ಜೋಳ ಅಜ್ಜಿಯ ಕಾಲದ್ದು. ಊರಿನ ಕಣಜಗಳೆಲ್ಲ ಬರಿದಾಗಿ, ಹೊಲದ ತೆನೆಯೆಲ್ಲ ಇನ್ನೂ ಎಳೆಯದಾಗಿರುವ ಫೆಬ್ರವರಿಯಲ್ಲಿ ಅದೊಂದೇ ಮಾಗುತ್ತದೆ. ಆ ತಿಂಗಳು ಅವಳ ಮನೆಯ ಏಳು ಹೊಟ್ಟೆ ಅದನ್ನೇ ನಂಬಿಕೊಂಡಿವೆ. ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿಲ್ಲ.

ನವೆಂಬರಿನಲ್ಲಿ ಮೊದಲ ಮಳೆ ಬಿದ್ದ ಮಾರನೆಯ ದಿನ ಅತ್ತೆ ರಸೀದಿ ಹಿಡಿದು ಬಂದಳು. ನಾನು ಐವತ್ತು ಕಿಲೊ ತೂಗಿ ಕೊಟ್ಟೆ.

"ಇದು ನನ್ನ ಚೀಲ ಅಲ್ಲ ಕಣೋ ಸಕೇಯು."

"ಚೀಲ ಯಾವುದಾದ್ರೇನತ್ತೆ? ಎಲ್ಲಾರದ್ದೂ ಒಂದೇ ರಾಶಿಗೆ ಸುರೀತೀವಿ. ಬಿಳಿ ಜೋಳ, ಒಂದನೇ ದರ್ಜೆ..."

"ಹಾಗಾದ್ರೆ ನನ್ ಬೀಜ ಎಲ್ಲಿ?"

ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅರ್ಧ ರಾಶಿ ಆಗಲೇ ಲಾರಿ ಹತ್ತಿ ಹಿಟ್ಟಿನ ಗಿರಣಿಗೆ ಹೋಗಿತ್ತು. ಮಾತು ಕೇಳಿ ಮ್ಯಾನೇಜರ್ ಕಲಿಲೊಂಬೆ ಹೊರಗೆ ಬಂದರು.

"ಅಮ್ಮಾ, ಅದೇ ಜೋಳ, ಅದೇ ದರ್ಜೆ, ಅದೇ ತೂಕ. ನಿಮಗೇನು ನಷ್ಟ?"

"ನಿಮ್ಮನೇಲಿ ಮಗು ಇದೆಯಾ ಸ್ವಾಮಿ?"

"ಇದೆ."

"ಎಷ್ಟು ತೂಕ?"

"ಹತ್ತು ಕಿಲೊ ಇರಬಹುದು."

"ನನ್ ಮೊಮ್ಮಗನೂ ಹತ್ತೇ ಕಿಲೊ. ಸಂಜೆ ಅವನನ್ನ ಕಳಿಸ್ತೀನಿ, ನಿಮ್ಮದನ್ನ ನಂಗೆ ಕೊಡಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು, ಕಲಿಲೊಂಬೆಯವರೂ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅವರು ಹೇಳಿದ್ದೂ ಸರಿ, ಅವಳು ಹೇಳಿದ್ದೂ ಸರಿ. ಇಬ್ಬರೂ ಸರಿಯಾದರೆ ಅವಳ ಬೀಜ ಹೋಗಿದ್ದು ಹೇಗೆ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ.

ಅತ್ತೆ ಅಂಗಳದಲ್ಲಿ ಬಟ್ಟೆ ಹಾಸಿ ಚೀಲ ಸುರಿದಳು. "ಗಿರಣಿಗೆ ಹೋಗದೆ ಉಳಿದಿರೋ ನನ್ ಕಾಳೂ ಇದರಲ್ಲಿ ಸೇರಿರತ್ತೆ. ಹೆತ್ತವಳಿಗೆ ಮಗು ಗೊತ್ತಾಗಲ್ವಾ?" ಎಂದು ಕೈಯಾಡಿಸಿದಳು. ತುಂಬಾ ಹೊತ್ತು ಆಡಿಸಿದಳು. ಊರವರೆಲ್ಲ ಈಗ ಕೊಂಡು ಬಿತ್ತುವ ಕಂಪನಿ ಬೀಜದ ಕಾಳೂ ನೋಡಲು ಅವಳದರ ಹಾಗೇ ಬೆಳ್ಳಗೆ, ದುಂಡಗೆ.

"ಗೊತ್ತಾಗ್ತಿಲ್ಲ ಕಣೋ," ಎಂದಳು ಮೆಲ್ಲಗೆ. ಮೂವತ್ತು ವರ್ಷ ಬಿತ್ತಿದವಳು. ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ.

ಆಮೇಲೆ ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚಿದಳು. ಪುಡಿಯಾಯಿತು, ಉಗಿದಳು. ಇನ್ನೊಂದು. ಅವಳದು ಬಲು ಗಟ್ಟಿ, ಹಲ್ಲಿಗೆ ಜಗ್ಗುವುದಿಲ್ಲವಂತೆ. ತಕ್ಕಡಿ ಬಿಟ್ಟು ನಾನೂ ಪಕ್ಕದಲ್ಲಿ ಕೂತು ಕಚ್ಚತೊಡಗಿದೆ. ಸಂಜೆಯ ಹೊತ್ತಿಗೆ ಇಬ್ಬರ ದವಡೆಯೂ ಊದಿತ್ತು, ಜಗ್ಗದ ಕಾಳು ಒಂದು ಹಿಡಿ ಸಿಕ್ಕಿತ್ತು. ಬೀಜದ ವಂಶ ಉಳಿಸಲು ಅಷ್ಟು ಸಾಕು.

"ಇವು ನನ್ನವೇ ತಾನೆ?"

ಚೆನ್ನಾಗಿ ಒಣಗಿದರೆ ಕಂಪನಿ ಕಾಳೂ ಜಗ್ಗುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ, "ನಿನ್ನವೇ ಅತ್ತೆ," ಎಂದೆ.

ಅವಳು ನನ್ನನ್ನೇ ನೋಡಿದಳು. ಅರ್ಧ ಹಿಡಿ ನನ್ನ ಅಂಗೈಗೆ ಸುರಿದಳು.

"ಅಷ್ಟು ಖಾತ್ರಿ ಇದ್ರೆ ನೀನೂ ಬಿತ್ತು. ಫೆಬ್ರವರೀಲಿ ನಿನ್ನ ಮಕ್ಕಳೂ ಇದನ್ನೇ ಕಾಯ್ಲಿ."