ಗುತ್ಯಪ್ಪನ ನೀರು

ಕಡಲಹೂ ಅರಳದೆ ಅದು ಮೂರನೆಯ ದಿನ. ಮೂರು ದಿನದಿಂದ ಗುಡ್ಡಮ್ಮ ಅನ್ನ ಮುಟ್ಟಿರಲಿಲ್ಲ.

ಸೊರಬದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಜಯಪ್ಪ ಮಾಸ್ತರಿಗೆ ಆ ಹೂ ಹೂವಲ್ಲ, ಕಲ್ಲಿಗೆ ಅಂಟಿ ಬದುಕುವ ಒಂದು ಪ್ರಾಣಿ ಎಂದು ಚೆನ್ನಾಗಿ ಗೊತ್ತಿತ್ತು. ಅವನ ತಾಯಿ ಗುಡ್ಡಮ್ಮನಿಗೆ ಮಾತ್ರ ಅದು ಕಿರಿಯ ಮಗ ಗುತ್ಯಪ್ಪ. ಹಿಂದಿನ ವರ್ಷ, ಐವತ್ತೇಳರ ಬೇಸಿಗೆಯಲ್ಲಿ, ಅಣ್ಣತಮ್ಮ ಇಬ್ಬರೂ ಹೊನ್ನಾವರದ ಕಡಲಿಗೆ ಇಳಿದಿದ್ದರು; ಒಬ್ಬನೇ ಮೇಲೆ ಬಂದ. ಹೆಣ ಸಿಗಲಿಲ್ಲ. "ಅವ್ನಿರೋ ನೀರನ್ನಾದ್ರೂ ತಗಂಬಾ" ಎಂದು ತಾಯಿ ಹೇಳಿಕಳಿಸಿದಳು. ಜಯಪ್ಪ ಎರಡು ಡಬ್ಬ ನೀರು, ಒಂದು ಚೀಲ ಮರಳು, ಹೂ ಅಂಟಿದ ಕಲ್ಲು, ಜೊತೆಗೊಂದು ಏಡಿ ಹೊತ್ತು ತಂದು, ಕಿಟಕಿಯ ಗಾಜು ಜೋಡಿಸಿ ತೊಟ್ಟಿ ಕಟ್ಟಿದ. ಅಲೆ ಬಂದಾಗ ತಮ್ಮ ತನ್ನ ಕೈ ಹಿಡಿದಿದ್ದ, ತಾನು ಕೊಡವಿಕೊಂಡೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ತಾಯಿ ದಿನಾ ಬೆಳಿಗ್ಗೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು "ಗುತ್ಯಾ, ಎದ್ಯೇನಾ?" ಎನ್ನುತ್ತಿದ್ದಳು. ಹೂ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಮರಳಿನಿಂದ ಒಂದೆರಡು ಗುಳ್ಳೆ ಏಳುತ್ತಿದ್ದವು. ಅವಳು ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಆಮೇಲೆ ಊಟಕ್ಕೇಳುತ್ತಿದ್ದಳು. ಏನು ಕೇಳಿಸಿತು ಎಂದು ವಿಚಾರಿಸುವ ಧೈರ್ಯ ಜಯಪ್ಪನಿಗೆ ಒಂದು ದಿನವೂ ಬರಲಿಲ್ಲ.

ಈಗ ಏಡಿ ಸತ್ತಿತ್ತು. ಹೂ ಮುದುಡಿ ಅಡಿಕೆಯಷ್ಟಾಗಿತ್ತು. ಇದು ಹೋದರೆ ಅವ್ವನೂ ಹೋದಳು ಎಂದು ಹೆದರಿ, ಮಾಸ್ತರು ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ನೀರು ಆರಿದರೂ ಉಪ್ಪು ಆರುವುದಿಲ್ಲವಲ್ಲ ಎಂದು ಮೊದಲ ದಿನವೇ ಗಾಜಿನ ಮೇಲೆ ಎಳೆದಿದ್ದ ಸೀಮೆಸುಣ್ಣದ ಗುರುತಿನವರೆಗೆ ಸಿಹಿನೀರು ಹೊಯ್ದ. ಸೈಕಲ್ ಪಂಪಿನಿಂದ ಗಾಳಿ ಊದಿದ. ಮರಳು ಕೆದಕಿದರೆ ತಳದಲ್ಲಿ ಕಾಡಿಗೆಯಂಥ ಕಪ್ಪು, ಕೊಳೆತ ಮೊಟ್ಟೆಯ ನಾತ. ಅಷ್ಟನ್ನೂ ಹೊರತೆಗೆದು, ಹೊನ್ನಾವರದ ಬಸ್ಸಿನ ಡ್ರೈವರ್ ಹುಲಿಯಪ್ಪ ತಂದುಕೊಟ್ಟ ಹೊಸ ಕಡಲನೀರಿನಲ್ಲಿ ತೊಳೆದು, ಎರಡು ಬೆರಳಿನಷ್ಟು ತೆಳುವಾಗಿ ಹಾಸಿದ. ನಾತ ಹೋಯಿತು, ಹೂ ಏಳಲಿಲ್ಲ. ಆದರೆ ತಾಯಿ ಕರೆದಾಗ ಆ ತೊಳೆದ ಮರಳಿನಿಂದಲೂ ಗುಳ್ಳೆ ಏಳುತ್ತಿದ್ದವು. ಯಾವ ವಿಜ್ಞಾನದಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಆ ಮಧ್ಯಾಹ್ನ ತಾಯಿ ಹಿತ್ತಿಲಲ್ಲಿದ್ದಾಗ, ಶಿಕಾರಿಪುರದ ಗುಲಾಬ್ ಸಾಬ್ ಪಾತ್ರೆಗಳಿಗೆ ಕಲಾಯಿ ಹಾಕಲು ತಿದಿ ಹೊತ್ತು ಬಂದು ಜಗಲಿಯಲ್ಲಿ ಕೂತ. ಜಯಪ್ಪ ತಂದಿಟ್ಟ ಪಾತ್ರೆಗಳಲ್ಲಿ ದೇವರ ಮುಂದಿನ ತಾಮ್ರದ ಚೊಂಬೂ ಇತ್ತು. ಅದರೊಳಗೆ ಇಣುಕಿದವನು ಹುಬ್ಬು ಗಂಟಿಕ್ಕಿದ.

"ಮಾಸ್ತರ್ರೇ, ಇದ್ರಾಗೆ ಉಪ್ಪುನೀರು ಇಡ್ತೀರೇನ್ರೀ? ಕಿಲುಬು ನೋಡ್ರಿ, ಹಸ್ರು ಹಸ್ರು. ಬರೀ ತಾಮ್ರಕ್ಕೆ ಉಪ್ಪು ತಾಗಿದ್ರೆ ವಿಷ ಆಗ್ತೈತ್ರೀ."

ಜಯಪ್ಪ ಚೊಂಬನ್ನು ಕಿತ್ತುಕೊಂಡು ಒಳಗೆ ನೋಡಿದ. ವರ್ಷ ತುಂಬಿದಾಗಿನಿಂದ ದಿನಾ ಮುಸ್ಸಂಜೆ ತಾಯಿ ಆ ಚೊಂಬಿನಲ್ಲಿ ತೊಟ್ಟಿಯ ನೀರು ತುಂಬಿ, ತುಳಸಿ ಹಾಕಿ, ದೇವರ ಮುಂದಿಡುತ್ತಿದ್ದಳು. ಬೆಳಿಗ್ಗೆ ಮಗನಿಗೆಂದು ಅದನ್ನೇ ತಿರುಗಿ ತೊಟ್ಟಿಗೆ ಹೊಯ್ಯುತ್ತಿದ್ದಳು. ಅವಳಿಗೆ ತಾಮ್ರಕ್ಕಿಂತ ಮಡಿಯಾದ ಪಾತ್ರೆ ಉಂಟೇ? ದಿನವೂ ಕಣ್ಣೆದುರೇ ನಡೆದದ್ದನ್ನು ನೋಡುತ್ತ ನಿಂತಿದ್ದನಲ್ಲ, ಎಂಥ ದಡ್ಡ ಮಾಸ್ತರು!

ಒಳಗೆ ಓಡಿ, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಡಬ್ಬದಲ್ಲಿ ಉಳಿದಿದ್ದ ಹೊಸ ನೀರು ಹೊಯ್ದ. ತಡವಾಗಿತ್ತು. ಹೂ ಕಲ್ಲಿನಿಂದ ಕಳಚಿ ಗಂಜಿಯ ಕೆನೆಯಂತೆ ತೇಲಿತು.

ಹಿತ್ತಿಲಿನಿಂದ ಬಂದ ತಾಯಿ ಅದನ್ನು ನೋಡಿದಳು. ನಿನ್ನ ಕೈಯಿಂದಲೇ ನಿನ್ನ ಮಗ ಇನ್ನೊಂದು ಸಲ ಸತ್ತ ಎಂದು ಹೇಗೆ ಹೇಳುವುದು? ಜಯಪ್ಪನಿಗೆ ಅಳು ಒತ್ತರಿಸಿ ಬಂತು.

"ಅವ್ವಾ, ತಪ್ಪು ನಂದೇ. ಮರಳು ಕೆದಕಬಾರ್ದಿತ್ತು. ನಾನೇ ಕೊಂದೆ."

ಗುಡ್ಡಮ್ಮ ಅಳಲಿಲ್ಲ. ಹೂವನ್ನು ಬೊಗಸೆಯಲ್ಲಿ ಎತ್ತಿಕೊಂಡಳು.

"ಮರಳಿನ್ ಮಾತು ಬಿಡಾ. ಅಲೆ ಬಂದಾಗ ನೀ ಅವ್ನ ಕೈ ಕೊಡವಿದ್ದು ಅವ್ನು ಮೊದಲ್ನೇ ದಿನಾನೇ ಹೇಳ್ದ. ಅಣ್ಣಂಗೆ ಬೈಬ್ಯಾಡ, ಹೆದ್ರಿದ್ದ ಅಂದ. ನೀನಾಗೇ ಹೇಳ್ತೀಯ ಅಂತ ಒಂದು ವರ್ಷ ಕಾದೆ."

ಜಯಪ್ಪ ತಲೆ ತಗ್ಗಿಸಿ ತೊಟ್ಟಿಯ ಮುಂದೆ ಕೂತ.

"ಎಲೆ ಹಾಕು. ಹಸಿವಾಗೈತೆ" ಎಂದಳು ತಾಯಿ.

ಅವಳು ಹೊಟ್ಟೆ ತುಂಬ ಉಂಡಳು. ಎದುರು ಕೂತ ಜಯಪ್ಪನಿಗೆ ಒಂದು ತುತ್ತೂ ಇಳಿಯಲಿಲ್ಲ. ತಾಯಿ ನಡುನಡುವೆ ಪಕ್ಕದ ಖಾಲಿ ಮಣೆಯತ್ತ ತಿರುಗಿ, "ಹ್ಞೂಂ" ಎಂದು ಯಾರ ಮಾತಿಗೋ ಒಪ್ಪುತ್ತಿದ್ದಳು.