ಆಸ್ಟರ್‌ವೇಲಿನ ಬಾಗಿಲು

ಹೊನ್ನಾಳಿಯಲ್ಲಿ ಬಸ್ಸು ಹತ್ತುವಾಗ ಅಂಬಿಕಾಳಿಗೆ ಬೇಕಾಗಿದ್ದುದು ಒಂದೇ ಒಂದು ಮಾತು. ‘ಅವತ್ತು ನೀನು ಹೇಳಿದ್ದೇ ಸರಿ ಅಂಬಿಕಾ.’ ಅಷ್ಟೇ. ಅದನ್ನು ಆಡಬೇಕಾದ ಮೂವರೂ ಇವತ್ತು ಚನ್ನಗಿರಿಯಲ್ಲಿ ಒಂದೇ ಕಡೆ ಸೇರುವವರಿದ್ದರು. ಆಸ್ಪತ್ರೆಯಲ್ಲಿ ದಿನವಿಡೀ ಊರವರ ರಕ್ತ ಪರೀಕ್ಷೆ ಮಾಡುವ ಹೆಂಗಸು ಸಿಕ್ಕ ಒಂದು ಭಾನುವಾರವನ್ನೂ ಒಂದು ಕಂಪ್ಯೂಟರ್ ಆಟದ ವ್ಯಾಜ್ಯಕ್ಕೆ ಕಳೆಯುತ್ತಾಳೆಂದರೆ ನಗುವವರು ನಗಲಿ. ಹೊಲದ ಬದುವಿನ ಒಂದು ಗೇಣಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆಯುವವರ ಸೀಮೆ ಇದು.

ಆಸ್ಟರ್‌ವೇಲ್ ಮೂವತ್ತು ವರ್ಷಗಳಿಂದ ಒಂದರ ಹಿಂದೊಂದು ಭಾಗವಾಗಿ ಬರುತ್ತಲೇ ಇರುವ ಆಟ. ಆಡುವವರು ಹೆಸರಿಲ್ಲದ ಒಬ್ಬ ಯೋಧನಾಗಿ ಹಳ್ಳಿಯೊಂದರಿಂದ ಹೊರಡಬೇಕು. ಸಿಕ್ಕವರೊಡನೆ ಮಾತಾಡುತ್ತ, ಕತ್ತಿ ಸಂಪಾದಿಸುತ್ತ, ಕಾಡು ಬೆಟ್ಟ ದಾಟುತ್ತ ಒಂದು ದೊಡ್ಡ ಕಥೆಯೊಳಗೆ ತಿಂಗಳುಗಟ್ಟಲೆ ಬದುಕಬೇಕು. ಲೋಕದಲ್ಲಿ ಈಗ ಅದರ ಎಂಟನೆಯ ಭಾಗ ಓಡುತ್ತಿದೆ. ಚನ್ನಗಿರಿಗೆ ಬಂದದ್ದು ಎರಡನೆಯ ಭಾಗ ಮಾತ್ರ. ಅದೂ ಕಳ್ಳ ಸಿ.ಡಿ., ಅದೂ ಗೀರು ಬಿದ್ದದ್ದು.

ಹದಿನೆಂಟು ವರ್ಷಗಳ ಹಿಂದೆ ಅದನ್ನು ತಂದವನು ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆ ಇಟ್ಟಿದ್ದ ಸತೀಶ್ ಕುಮಾರ್. ಪಿ.ಯು. ಓದುವ ಹುಡುಗರಿಗೆಲ್ಲ ಅವನು ಸತೀಶಣ್ಣ. ಪ್ಲೈವುಡ್ಡಿನ ಗೂಡುಗಳು, ಗುಂಯ್‌ಗುಡುವ ಫ್ಯಾನು, ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿ. ನ್ಯಾಮತಿಯ ರುದ್ರಮುನಿ ಅಲ್ಲಿಗೆ ಕಾಲೇಜು ತಪ್ಪಿಸಿ ಬರುತ್ತಿದ್ದ. ಜಗಳೂರಿನಿಂದ ಬಂದು ಸೋದರಮಾವನ ಮನೆಯಲ್ಲಿದ್ದ ಪ್ರದೀಪ, ಮಾವನಿಗೆ ಸುಳ್ಳು ಹೇಳಿ ಬರುತ್ತಿದ್ದ. ಅಂಬಿಕಾ ಹಾಸ್ಟೆಲ್ ವಾರ್ಡನ್ನಿಗೆ ಸ್ಕಾಲರ್‌ಶಿಪ್ ಅರ್ಜಿಯ ನೆಪ ಹೇಳಿ ಬರುತ್ತಿದ್ದಳು. ವರ್ಷವಿಡೀ ತುಂಬುವಂಥ ಅರ್ಜಿ ಅದ್ಯಾವುದೆಂದು ವಾರ್ಡನ್ ಯಾವತ್ತೂ ಕೇಳಲಿಲ್ಲ.

ಹುಡುಗರು ಆಟದಲ್ಲಿ ಬರುವ ಮಾತುಗಳನ್ನೆಲ್ಲ ಪಟಪಟನೆ ಹಾರಿಸಿ ಹೊಡೆದಾಟಕ್ಕೆ ಹೋಗುವರು. ಅಂಬಿಕಾಳಿಗೆ ಸಿಗುತ್ತಿದ್ದುದು ವಾರಕ್ಕೊಂದಿಷ್ಟು ಹೊತ್ತು. ಹಾಗಾಗಿ ಅವಳು ನಿಘಂಟು ಇಟ್ಟುಕೊಂಡು ಪ್ರತಿಯೊಂದನ್ನೂ ಓದುವಳು. ಮೊದಲ ಹಳ್ಳಿಯ ಬಾವಿಕಟ್ಟೆಯಲ್ಲಿ ಒಬ್ಬ ತಾಯಿ, ಕಳೆದುಹೋದ ಮಗನನ್ನು ಕರೆದುಕೊಂಡು ಬಾ ಎಂದು ಯೋಧನ ಕೈ ಹಿಡಿಯುತ್ತಾಳೆ. ಅಂಬಿಕಾ ಆ ಮಗನ ಜಾಡು ಹಿಡಿದು ನಡೆದಳು. ಸುತ್ತಾಡಿ ಕಾಲ ಕಳೆಯಲಿಲ್ಲವಾದ್ದರಿಂದ ಎಲ್ಲರಿಗಿಂತ ಮೊದಲು ಬೆಟ್ಟದ ತುದಿಯ ದೊಡ್ಡ ಕೋಟೆಬಾಗಿಲನ್ನು ಮುಟ್ಟಿದವಳು ಅವಳೇ. ಬಾಗಿಲು ಅರ್ಧ ತೆರೆಯಿತು. ಒಳಗಿನಿಂದ ಬೆಳಕು ಚೆಲ್ಲಿತು. ಆಮೇಲೆ ಎಲ್ಲವೂ ನಿಂತುಹೋಯಿತು. ಸಂಗೀತದ ಒಂದೇ ಸ್ವರ ಎಳೆದುಕೊಂಡೇ ಇತ್ತು.

ಕೆಲವು ದಿನಗಳಲ್ಲಿ ಪ್ರದೀಪನೂ ಅಲ್ಲಿಗೆ ಬಂದ, ರುದ್ರಮುನಿಯೂ ಬಂದ. ಅವರಿಗೂ ಅದೇ ಬೆಳಕು, ಅದೇ ಸ್ವರ. ಬೇರೆ ಊರಾಗಿದ್ದರೆ ಸಿ.ಡಿ. ಕೆಟ್ಟಿದೆ ಎಂದು ಬೈದು ಎದ್ದು ಹೋಗುತ್ತಿದ್ದರೇನೋ. ರುದ್ರಮುನಿ ಮಠದ ಶಾಲೆಯಲ್ಲಿ ವಚನ ಓದಿದವನು. ಪರದೆಯನ್ನೇ ನೋಡುತ್ತ ಕುಳಿತು, ಕೊನೆಗೆ ನಿಟ್ಟುಸಿರಿಟ್ಟು ಹೇಳಿದ: “ಇದು ಬಯಲು ಕಣ್ರೋ. ಬಾಗಿಲ ತನಕ ಬರೋದು ಮನುಷ್ಯನ ಕೆಲಸ. ಆಮ್ಯಾಲೆ ಎಲ್ಲಾ ಬಯಲು. ಯಾವನೋ ದೊಡ್ಡ ತಲೆ ಮಾಡಿರಾ ಆಟ ಇದು.”

ಎಲ್ಲರ ಮೈ ಜುಮ್ಮೆಂದಿತು. ಆಟ ಮುಗಿಯಿತೆಂದು ತೀರ್ಮಾನವಾಯಿತು.

“ಮುಗಿದಿಲ್ಲ,” ಎಂದಳು ಅಂಬಿಕಾ. “ಆ ತಾಯಿ ಮಗನ್ನ ಇನ್ನೂ ನೋಡೇ ಇಲ್ಲ. ಮಗನ್ನ ತಂದುಕೊಡದೆ ಯಾರಾದ್ರೂ ಕಥೆ ಮುಗಿಸ್ತಾರೇನು? ಸಿ.ಡಿ. ಕೆಟ್ಟೈತೆ.”

ಕೆಫೆಯೆಲ್ಲ ಬಿದ್ದು ಬಿದ್ದು ನಕ್ಕಿತು. “ನೋಡ್ರಲೇ, ಹಾಸ್ಟೆಲ್ ಹುಡುಗಿ ನಮಗೆ ಬಯಲು ಹೇಳಿಕೊಡಾಕೆ ಬಂದಾಳೆ,” ಎಂದ ಪ್ರದೀಪ. ಹಾಸ್ಟೆಲ್ ಎಂಬ ಪದವನ್ನು ಅವನು ಒತ್ತಿದ ರೀತಿಯಲ್ಲಿ ಅವಳ ಕೇರಿಯವರು, ಅವಳಪ್ಪ ತಿಪ್ಪೇಶಪ್ಪ, ಎಲ್ಲರೂ ಇದ್ದರು. ಸತೀಶಣ್ಣ ಆಟ ಮುಗಿಸಿದವರ ಹೆಸರನ್ನು ಪ್ಲೈವುಡ್ಡಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆಯತೊಡಗಿದ. ಮೊದಲನೆಯದು ಪ್ರದೀಪ. ಎರಡನೆಯದು ರುದ್ರಮುನಿ. ಅಂಬಿಕಾ ಕಾಯುತ್ತ ನಿಂತಳು.

“ನೀನೇ ಮುಗಿದಿಲ್ಲ ಅಂತೀಯಲ್ಲಮ್ಮ,” ಎಂದ ಸತೀಶಣ್ಣ, ಪೆನ್ನಿನ ಮುಚ್ಚಳ ಹಾಕುತ್ತ. “ಮುಗಿಸಿದ ಮ್ಯಾಲೆ ಹೇಳು, ಬರೀತೀನಿ.”

ಆ ಸಿ.ಡಿ.ಯ ನಕಲು ರುದ್ರಮುನಿಯ ಜೊತೆ ನ್ಯಾಮತಿಗೆ ಹೋಯಿತು, ಪ್ರದೀಪನ ಜೊತೆ ಜಗಳೂರಿಗೆ ಹೋಯಿತು, ಯಾರದೋ ಜೇಬಿನಲ್ಲಿ ಹೊನ್ನಾಳಿಗೂ ಬಂತು. ಒಂದು ಗೀರಿನಿಂದ ನಾಲ್ಕು ತಾಲೂಕಿನ ಹುಡುಗರು ಕೋಟೆಬಾಗಿಲ ಮುಂದೆ ನಿಂತು ಜ್ಞಾನೋದಯ ಪಡೆದರು.

ಈಚೆಗೆ ಆ ಹಳೆಯ ಭಾಗವನ್ನೇ ಕಂಪನಿಯವರು ಹೊಸ ಬಣ್ಣ ಹಚ್ಚಿ ಮತ್ತೆ ಬಿಟ್ಟರು. ಅಂಬಿಕಾ ಕೊಂಡಳು. ಆಸ್ಪತ್ರೆಯಿಂದ ಬಂದು ಸಂಜೆ ಸಂಜೆ ಆಡಿದಳು. ಬಾಗಿಲು ಪೂರ್ತಿ ತೆರೆಯಿತು. ಆಚೆ ಇಡೀ ಒಂದು ನಗರವಿತ್ತು, ಆಟದ ಅರ್ಧಭಾಗ ಅಲ್ಲೇ ಇತ್ತು, ಆ ಮಗನೂ ಇದ್ದ. ಅವಳು ಒಬ್ಬಳೇ ಕುಳಿತು ಅತ್ತಳು. ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ‘ಬಾಗಿಲು ತೆರೆಯುತ್ತದೆ’ ಎಂದು ಬರೆದಳು. ಎರಡು ಹೆಬ್ಬೆರಳು ಬಂದವು. ಅದರ ಕೆಳಗೇ ಸತೀಶಣ್ಣನ ಆಮಂತ್ರಣ ಬಂತು: ಭಾನುವಾರ ಎಲ್ಲರೂ ಬರ್ರಿ, ಹಳೇ ಆಟ ಆಡಾಣ.

ಕೆಫೆ ಇದ್ದ ಜಾಗ ಈಗ ಸತೀಶಣ್ಣನ ಟೈಲ್ಸ್ ಅಂಗಡಿ. ಮಹಡಿಯ ಮೇಲೆ ಗೋಡೆಯಗಲದ ಟಿ.ವಿ., ಅದಕ್ಕೊಂದು ಕಂಪ್ಯೂಟರ್, ಅದರಲ್ಲಿ ಕೊನೆಯ ಬೆಟ್ಟದ ಬುಡದ ತನಕ ಮೊದಲೇ ಆಡಿಟ್ಟ ಹೊಸ ಬಣ್ಣದ ಆಟ. ಪಕ್ಕದಲ್ಲಿ ಆ ಪ್ಲೈವುಡ್ಡಿನ ತುಂಡಿಗೆ ಗಾಜು ಹಾಕಿಸಿ ಕಟ್ಟು ಕಟ್ಟಿಸಿ ತೂಗುಹಾಕಿದ್ದ. ಕೆಂಪು ಮಾಸಿ ಕಂದಾಗಿತ್ತು.

“ಓಹೋ, ಬರ್ರಿ ಮೇಡಮ್ನೋರೆ!” ಎಂದ ರುದ್ರಮುನಿ. ಹೊಟ್ಟೆ ಬಂದಿತ್ತು, ದನಿ ಅದೇ ಇತ್ತು. “ಸೂಜಿ ತಂದಿಲ್ಲ ತಾನೆ? ಇವನ ರಕ್ತ ತೆಗೀಬ್ಯಾಡ, ಬರೀ ಸಕ್ಕರೆ ಪಾಕ ಐತೆ.”

“ನಿನ್ನದ್ರಾಗೆ ಅದೂ ಇಲ್ಲ, ಬರೀ ಮಿರ್ಚಿ ಎಣ್ಣೆ,” ಎಂದ ಪ್ರದೀಪ. ಅವನ ಪಕ್ಕ ಹೆಂಡತಿ ಮೇಘಶ್ರೀ ಮಂಡಕ್ಕಿಗೆ ಈರುಳ್ಳಿ ಕಲಸುತ್ತಿದ್ದಳು. ತಲೆಯೆತ್ತಿ, “ಬರ್ರಿ ಅಕ್ಕಾ,” ಎಂದಳು. “ಇವ್ರು ಜಗಳೂರಿಂದ ಇಲ್ಲೀಮಟ ಇದೇ ಆಟದ ಕಥೆ. ನನ್ನ ತಲೆ ತಿಂದು ಹಾಕ್ಯಾರೆ.”

ಮಂಡಕ್ಕಿ ಮಿರ್ಚಿ ಖರ್ಚಾಗುತ್ತ ಹೋಯಿತು. ಪ್ರದೀಪ ಮೌಸು ಹಿಡಿದು ಕೊನೆಯ ಬೆಟ್ಟ ಹತ್ತಿದ. ಪ್ರತಿ ತಿರುವಿಗೂ ಒಂದೊಂದು ನೆನಪು, ಒಂದೊಂದು ಕೇಕೆ. ಅಂಬಿಕಾ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತು ಬಾಗಿಲಿಗಾಗಿ ಕಾದಳು. ಬಂತು. ಅರ್ಧ ತೆರೆಯಿತು. ಬೆಳಕು ಚೆಲ್ಲಿತು.

“ನಿಲ್ಸು, ನಿಲ್ಸು!” ಎಂದು ಕೂಗಿದ ಸತೀಶಣ್ಣ.

ಪ್ರದೀಪ ನಿಲ್ಲಿಸಿದ. ಚಿತ್ರ ಸ್ಥಿರವಾಯಿತು. ಮೂವರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ರುದ್ರಮುನಿಯ ಕಣ್ಣು ಒದ್ದೆಯಾಗಿತ್ತು.

“ಇನ್ನೂ ಐತೆ,” ಎಂದಳು ಅಂಬಿಕಾ. “ಒಳಗೆ ಹೋಗು ಪ್ರದೀಪ.”

“ಗೊತ್ತು ಬಿಡು. ಸಿ.ಡಿ. ಕೆಟ್ಟು ಹ್ಯಾಂಗ್ ಆಗ್ತಿತ್ತು.”

“ಯಾವಾಗ ಗೊತ್ತಾತು?”

“ಅವಾಗ್ಲೇ ಗೊತ್ತಿತ್ತು!” ಎಂದ ಪ್ರದೀಪ. ಅವನ ಮುಖದಲ್ಲಿ ಕಪಟದ ಒಂದು ಗೆರೆಯೂ ಇರಲಿಲ್ಲ. “ನಾನು ಬಡ್ಕಂಡೆ ಇವರಿಗೆ. ಆ ತಾಯಿ ಮಗನ್ನ ಇನ್ನೂ ನೋಡೇ ಇಲ್ಲ, ಮಗನ್ನ ತಂದುಕೊಡದೆ ಯಾರಾದ್ರೂ ಕಥೆ ಮುಗಿಸ್ತಾರೇನು ಅಂತ. ಯಾರು ಕೇಳಿದ್ರು?”

“ಹೌದಲೇ, ಭಾರಿ ಜಗಳ ಆಡಿದ್ದೆ ನೀನು,” ಎಂದ ರುದ್ರಮುನಿ. “ನಾನು ಬಯಲು ಅಂದೆ, ನೀನು ಬಯಲೂ ಇಲ್ಲ ಗಿಯಲೂ ಇಲ್ಲ ಅಂದೆ.”

ಮೇಘಶ್ರೀ ಗಂಡನ ಕಡೆ ಹೆಮ್ಮೆಯಿಂದ ನೋಡಿದಳು. ಮದುವೆಯಾದಾಗಿನಿಂದ ಈ ಕಥೆಯನ್ನು ಕೇಳಿದವಳಂತೆ ಕಂಡಳು.

ಅಂಬಿಕಾ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. “ಅದು ನಾನು ಹೇಳಿದ್ದು.”

ಸತೀಶಣ್ಣ ಹುಬ್ಬು ಗಂಟಿಕ್ಕಿ ನೆನಪು ಕೆದಕಿದ. ನಿಜವಾಗಿಯೂ ಕೆದಕಿದ, ಅದನ್ನು ಅವಳು ಕಂಡಳು. “ನೀನು... ಅರ್ಜಿ ತುಂಬಾಕೆ ಬರ್ತಿದ್ದೆ ಅಲ್ಲೇನಮ್ಮ? ಸ್ಕಾಲರ್‌ಶಿಪ್ಪಿಂದು. ಆಟನೂ ಆಡ್ತಿದ್ದೇನು?”

“ಬಾಗಿಲಿಗೆ ಮೊದಲು ಬಂದೋಳು ನಾನು.”

“ಇದ್ರೂ ಇರಬೌದವ್ವ,” ಎಂದ ರುದ್ರಮುನಿ, ಜಗಳ ಬಿಡಿಸುವವನ ದನಿಯಲ್ಲಿ. “ಯಾರು ಮೊದಲಾದ್ರೇನು, ಯಾರು ಹೇಳಿದ್ರೇನು? ಒಟ್ಟು ನಾವೆಲ್ಲಾ ಇದ್ವಿ. ತಗೋ, ಮಿರ್ಚಿ ತಗೋ, ಆರಿಹೋಗ್ತಾವೆ.”

ಅವಳು ಮಿರ್ಚಿ ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಪ್ರದೀಪನ ಕೈಯಿಂದ ಮೌಸು ತೆಗೆದುಕೊಂಡಳು.

“ಬ್ಯಾಡ ಅಂಬಿಕಾ, ಅಲ್ಲಿಗೇ ಚೆನ್ನಾಗೈತೆ,” ಎಂದ ಸತೀಶಣ್ಣ. “ಒಳಗೆ ಹೋದ್ರೆ ನಮ್ಮದಲ್ಲ ಅನಿಸಿಬಿಡ್ತದೆ.”

ಅವಳು ಕೇಳಲಿಲ್ಲ. ಬಾಗಿಲು ಪೂರ್ತಿ ತೆರೆಯಿತು. ಕಲ್ಲು ಹಾಸಿದ ಬೀದಿ, ಬಾವುಟಗಳು, ಸಂತೆಯ ಗದ್ದಲ. ಅವಳಿಗೆ ದಾರಿ ಗೊತ್ತಿತ್ತು. ಕಮ್ಮಾರರ ಓಣಿಯ ಕೊನೆಗೆ ಹೋಗಿ, ತಿದಿಯ ಮುಂದೆ ಕುಳಿತ ಯುವಕನೊಬ್ಬನ ಎದುರು ನಿಂತಳು. ಅವನು ತಲೆಯೆತ್ತಿ ತನ್ನ ಹಳ್ಳಿಯ ಹೆಸರು ಹೇಳಿದ, ಬಾವಿಕಟ್ಟೆಯ ಹೆಸರು ಹೇಳಿದ, ಅಮ್ಮ ಹೇಗಿದ್ದಾಳೆ ಎಂದು ಕೇಳಿದ. ಅಂಬಿಕಾ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದಳು. ಯಾರಿಗೂ ಹಾರಿಸಲು ಬಿಡಲಿಲ್ಲ. ಓದಿ ಮುಗಿಸಿ ತಿರುಗಿ ಅವರ ಮುಖ ನೋಡಿದಳು.

ರುದ್ರಮುನಿ ಬಾಯಿ ತೆರೆದು ನೋಡುತ್ತಿದ್ದ. ಆಮೇಲೆ ತೊಡೆ ತಟ್ಟಿಕೊಂಡು ಪ್ರದೀಪನನ್ನು ಬಾಚಿ ತಬ್ಬಿದ. “ಲೇ ಮಗನೆ! ಗೆದ್ದುಬಿಟ್ಯಲ್ಲೋ! ಅವನೇ ಮಗ! ಹದಿನೆಂಟು ವರ್ಷದ ಹಿಂದೆ ಹೇಳಿದ್ದು ಇವನು!”

ಸತೀಶಣ್ಣ ಗೋಡೆಯ ಕಟ್ಟನ್ನು ಇಳಿಸಿದ. ಕೆಳಗಿನ ಅಂಗಡಿಯಿಂದ ಟೈಲ್ಸ್ ಗುರುತು ಮಾಡುವ ಮಾರ್ಕರ್ ತರಿಸಿ, ಗಾಜಿನ ಮೇಲೆಯೇ ಪ್ರದೀಪನ ಹೆಸರಿನ ಸುತ್ತ ಒಂದು ದಪ್ಪ ಗೆರೆ ಎಳೆದ. ಪ್ರದೀಪ ಬೇಡ ಬೇಡ ಎನ್ನುತ್ತ ನಾಚಿದ. ಸಾಕ್ಷಿಯನ್ನು ಹೊತ್ತು ತಂದವಳು ಅಂಬಿಕಾ. ತೀರ್ಪು ಬಂತು, ಅವಳ ಕಣ್ಣೆದುರಿಗೇ ಬಂತು, ಇನ್ನೊಬ್ಬರ ಹೆಸರಿಗೆ ಬಂತು. ಇವರು ಸುಳ್ಳು ಹೇಳುತ್ತಿದ್ದರೆ ಜಗಳವಾಡಬಹುದಿತ್ತು. ಇವರಿಗೆ ಹಾಗೆಯೇ ನೆನಪಿತ್ತು. ಅಷ್ಟು ಪ್ರೀತಿಯಿಂದ ನೆನಪಿಟ್ಟುಕೊಂಡವರ ಮುಂದೆ ಅವಳದು ಬರೀ ಹೊಟ್ಟೆಕಿಚ್ಚಿನಂತೆ ಕಾಣುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ನಿಂತರೆ ತನಗೂ ಹಾಗೆಯೇ ಕಂಡೀತೆಂದು ಹೆದರಿ ಬ್ಯಾಗು ತೆಗೆದುಕೊಂಡಳು.

“ಎಲ್ಲಿಗೆ? ಊಟ ಐತೆ, ಹೋಳಿಗೆ ಮಾಡಿಸೀನಿ,” ಎಂದ ಸತೀಶಣ್ಣ.

“ಡ್ಯೂಟಿ ಐತೆ ಅಣ್ಣಾ.”

ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಹಿಂದೆ ಚಪ್ಪಲಿಯ ಸದ್ದಾಯಿತು. ಮೇಘಶ್ರೀ ಓಡಿ ಬಂದಿದ್ದಳು, ಕೈಯಲ್ಲಿ ಮಂಡಕ್ಕಿಯ ಪೊಟ್ಟಣ. “ಏನೂ ತಿನ್ನದೆ ಹೊಂಟ್ರಲ್ಲ, ತಗೊಳ್ರಿ,” ಎಂದು ಕೈಗಿತ್ತಳು. ಹೋಗಲಿಲ್ಲ. ಸೆರಗಿನ ತುದಿ ತಿರುವುತ್ತ ನಿಂತಳು.

“ಅಕ್ಕಾ, ಅವರೆಲ್ಲಾ ಫೋಟೋ ತಕ್ಕಳಾಕೆ ಆಟ ನಿಲ್ಲಿಸಿಬಿಟ್ರು. ನೀವು ಓದ್ತಿದ್ರೆ ನನಗೆ ಕಣ್ಣಾಗೆ ನೀರು ಬಂತು. ಆ ಹುಡುಗ ಕೊನೆಗೆ ತಾಯಿ ತಾವ ಹೋಗ್ತಾನೇನ್ರಿ?”

ಇಡೀ ಮಹಡಿಯಲ್ಲಿ ಆ ಕಥೆಗೆ ಕಿವಿಗೊಟ್ಟವಳು ಇವಳೊಬ್ಬಳೇ. ಅಂಬಿಕಾಳಿಗೆ ಅದು ತಿಳಿಯಿತು. ಉತ್ತರವೂ ಗೊತ್ತಿತ್ತು. ಆ ಹುಡುಗಿಯ ಮುಖ ಎಷ್ಟು ತೆರೆದುಕೊಂಡಿತ್ತೆಂದರೆ, ಅಲ್ಲೇ ರಸ್ತೆಬದಿಯಲ್ಲಿ ನಿಂತು ಕಥೆಯನ್ನೆಲ್ಲ ಹೇಳಿಬಿಡಬಹುದಾಗಿತ್ತು.

“ನಿಮ್ಮನೆಯವರನ್ನೇ ಕೇಳ್ರಿ,” ಎಂದಳು ಅಂಬಿಕಾ. “ಆಟ ಮುಗಿಸಿದೋರು ಅವರು.”

ಮೇಘಶ್ರೀಯ ಮುಖ ಸಣ್ಣದಾಯಿತು. ಏನು ತಪ್ಪು ಮಾಡಿದೆನೆಂದು ತಿಳಿಯದೆ ನಿಂತಿದ್ದವಳನ್ನು ಬಿಟ್ಟು ಅಂಬಿಕಾ ಬಸ್ ಸ್ಟ್ಯಾಂಡಿನ ಕಡೆ ನಡೆದಳು.